ಮೊದಲ ಸ್ವಂತ ಗ್ಲೈಡರ್: ಸ್ಕೈಲಾರ್ಕ್, ಡಾರ್ಟ್, ಕೆಸ್ಟ್ರೆಲ್, ಸಿರಸ್, ಎಲ್‌ಎಸ್4 ಇವುಗಳಲ್ಲಿ ಯಾವುದು ನಿಮಗೆ?

ಈ ವರ್ಷ ಮೂರು ಜನ ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದರು. ಮೂವರೂ ಇಂಗ್ಲೆಂಡಿನಲ್ಲಿರುವ ಕನ್ನಡದವರು. ಮೂವರೂ ಕ್ಲಬ್ಬಿನಲ್ಲಿ ಕಲಿತು, ಸೋಲೋ (ಒಬ್ಬರೇ ಹಾರುವುದು) ಮುಗಿಸಿ, ಈಗ ಸ್ವಂತದ್ದೊಂದು ಗ್ಲೈಡರ್, ಅಂದರೆ ಇಂಜಿನ್ ಇಲ್ಲದ ವಿಮಾನ, ಬೇಕು ಅಂತ ಮನಸ್ಸು ಮಾಡಿದವರು. ಮೊದಲನೆಯವನಿಗೆ ಕೆಲಸ ಸಿಕ್ಕಿ ಇನ್ನೂ ಎರಡು ವರ್ಷ, ಕೈಯಲ್ಲಿರುವುದು ಮೂರು-ನಾಲ್ಕು ಸಾವಿರ ಪೌಂಡ್. ಎರಡನೆಯವರು ಆಸ್ಪತ್ರೆಯಲ್ಲಿ ಡಾಕ್ಟರ್. ಎರಡು ವಾರಕ್ಕೊಂದು ಶನಿವಾರ ಬಿಡುವು ಸಿಕ್ಕರೆ ಜಾಸ್ತಿ. ಮೂರನೆಯವರಿಗೆ ದುಡ್ಡಿನ ಚಿಂತೆ ಅಷ್ಟಿಲ್ಲ. ಅವರಿಗೆ ಸ್ಪರ್ಧೆಗೆ ಇಳಿಯಬೇಕು.

ಮೂವರೂ ಶುರು ಮಾಡಿದ್ದು ಗ್ಲೈಡ್ ರೇಶಿಯೊ ಇಂದಲೇ, ಅಂದರೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಅನ್ನುವುದರಿಂದ. "ಇದು 38, ಅದು 40, ಎರಡು ಪಾಯಿಂಟಿಗೆ ಅಷ್ಟು ದುಡ್ಡು ಕೊಡಬಹುದಾ?" ಅಂತ. ನಾನೂ ಹನ್ನೆರಡು ವರ್ಷದ ಹಿಂದೆ ಹಾಗೇ ಲೆಕ್ಕ ಹಾಕಿದ್ದೆ. ಈಗ ನನ್ನ ಮೊದಲ ಪ್ರಶ್ನೆ ಬೇರೆ. ಮೋಡ ಕವಿದ, ಆಮೇಲೆ ಬಿಸಿಲು ಬರಬಹುದೋ ಏನೋ ಅನ್ನುವಂಥ ಶನಿವಾರ ಬೆಳಿಗ್ಗೆ ನೀವು ಯಾವ ಗ್ಲೈಡರನ್ನು ಟ್ರೇಲರಿನಿಂದ ಹೊರಗೆ ತೆಗೀತೀರಿ? ಇಲ್ಲಿನ ಹವಾಮಾನದಲ್ಲಿ ಅಂಥ ಶನಿವಾರಗಳೇ ಜಾಸ್ತಿ. ಆ ದಿನ ಹೊರಗೆ ಬಂದ ಗ್ಲೈಡರ್ ವರ್ಷಕ್ಕೆ ಅರವತ್ತು ಗಂಟೆ ಹಾರುತ್ತದೆ. ಬರದೇ ಇದ್ದದ್ದು ಹನ್ನೆರಡು ಗಂಟೆ ಹಾರುತ್ತದೆ. ನಿಮ್ಮನ್ನು ಒಳ್ಳೆಯ ಪೈಲಟ್ ಮಾಡುವುದು ಆ ಗಂಟೆಗಳು.

ಮೊದಲು ಅಳತೆಗೋಲು

ಜೋಡಿಸುವುದಕ್ಕೆ ಎಷ್ಟು ಕೈ ಬೇಕು? ಸ್ವಂತ ಗ್ಲೈಡರುಗಳಲ್ಲಿ ಹೆಚ್ಚಿನವು ಟ್ರೇಲರಿನಲ್ಲೇ ಇರುತ್ತವೆ. ಪ್ರತಿ ಸಲ ರೆಕ್ಕೆ ಜೋಡಿಸಬೇಕು, ಸಂಜೆ ಬಿಚ್ಚಬೇಕು. ಇಬ್ಬರಿಂದ ಆಗುವ ಕೆಲಸಕ್ಕೂ ನಾಲ್ವರು ಬೇಕಾಗುವ ಕೆಲಸಕ್ಕೂ ತುಂಬಾ ವ್ಯತ್ಯಾಸ ಇದೆ. ನಾಲ್ವರು ಸಿಗಬೇಕಾದರೆ ನೀವೂ ನಾಲ್ವರಿಗೆ ಸಹಾಯ ಮಾಡಿರಬೇಕು. ಅಷ್ಟರಲ್ಲಿ ಹನ್ನೊಂದು ಗಂಟೆ ಆಗಿರುತ್ತದೆ.

ಹೊಲದಲ್ಲಿ ಎಷ್ಟು ಸುಲಭವಾಗಿ ಇಳಿಯುತ್ತದೆ? ಕ್ಲಬ್ಬಿನಿಂದ ದೂರ ಹೋಗುವವರಿಗೆ ಇದು ತಪ್ಪಿದ್ದಲ್ಲ. ಥರ್ಮಲ್, ಅಂದರೆ ಬಿಸಿಲಿಗೆ ಕಾದು ಮೇಲೇಳುವ ಗಾಳಿ, ಸಿಗದಿದ್ದರೆ ಯಾರದೋ ಹೊಲವೇ ಗತಿ. ಏರ್‌ಬ್ರೇಕ್ (ಬೇಗ ಕೆಳಗಿಳಿಯಲು ರೆಕ್ಕೆಯಿಂದ ಏಳುವ ಹಲಗೆ) ಎಷ್ಟು ಗಟ್ಟಿ, ಎಷ್ಟು ನಿಧಾನವಾಗಿ ನೆಲ ಮುಟ್ಟಬಹುದು ಎನ್ನುವುದನ್ನು ಗ್ಲೈಡ್ ರೇಶಿಯೊಗಿಂತ ಮೊದಲು ನೋಡಿ.

ಎದುರುಗಾಳಿಯಲ್ಲಿ ಎಷ್ಟು ಮುಂದೆ ಹೋಗುತ್ತದೆ? ನಮ್ಮ ಊರ ಕಡೆ ಮಧ್ಯಾಹ್ನ ಹದ್ದುಗಳು ರೆಕ್ಕೆ ಬಡಿಯದೆ ಸುತ್ತಿ ಸುತ್ತಿ ಮೇಲೇರುವುದನ್ನು ನೋಡಿದ್ದೀರಲ್ಲ, ಹತ್ತುವುದು ಅಂದರೆ ಅದೇ. ಆದರೆ ಹತ್ತಿದ ಎತ್ತರವನ್ನು ದೂರವಾಗಿ ಬದಲಾಯಿಸುವಾಗ ಗಾಳಿ ಎದುರಿದ್ದರೆ ಹಳೇ ಗ್ಲೈಡರ್ ತೆವಳುತ್ತದೆ. ಲೆಕ್ಕ ಸುಲಭ. ಮರದ ಗ್ಲೈಡರ್ 75 ಕಿಮೀ ವೇಗದಲ್ಲಿ ಹಾಯಾಗಿ ತೇಲುತ್ತದೆ, ಫೈಬರಿನದು 110ರಲ್ಲೂ ಆರಾಮಾಗಿ ಹೋಗುತ್ತದೆ ಅಂದುಕೊಳ್ಳಿ. 35 ಕಿಮೀ ಎದುರುಗಾಳಿ ಇದ್ದರೆ ನೆಲದ ಮೇಲೆ ಮೊದಲನೆಯದು ಗಂಟೆಗೆ 40, ಎರಡನೆಯದು 75. ಹತ್ತಿರ ಹತ್ತಿರ ಎರಡು ಪಟ್ಟು.

ದುಡ್ಡು. ಕೊಳ್ಳುವ ಬೆಲೆ ಒಂದು ಸಲ ಹೋಗುತ್ತದೆ. ಇನ್ಶೂರೆನ್ಸ್, ವರ್ಷಕ್ಕೊಮ್ಮೆ ತಪಾಸಣೆ, ಟ್ರೇಲರ್ ನಿಲ್ಲಿಸುವ ಬಾಡಿಗೆ, ಪ್ಯಾರಾಚೂಟ್ ಮತ್ತೆ ಮಡಿಸಿಡುವ ಖರ್ಚು ಪ್ರತಿ ವರ್ಷ ಬರುತ್ತವೆ. ಮೇಲೇರಲು ನೆಲದಿಂದ ಹಗ್ಗ ಎಳೆಯುವ ವಿಂಚ್ ಅಥವಾ ಇಂಜಿನ್ ಇರುವ ವಿಮಾನ ಎಳೆದೊಯ್ಯುವ ಏರೋಟೋ ದುಡ್ಡು ಬೇರೆ. ಇವುಗಳಲ್ಲಿ ಹೆಚ್ಚಿನವು ಅಗ್ಗದ ಗ್ಲೈಡರಿಗೂ ದುಬಾರಿ ಗ್ಲೈಡರಿಗೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಎರಡು ಸಾವಿರದ ಗ್ಲೈಡರ್ ಕೊಂಡರೆ ಎಲ್ಲ ಅಗ್ಗ ಆಯ್ತು ಅಂದುಕೊಳ್ಳಬೇಡಿ. ಪಾಲುದಾರಿಕೆ, ಅಂದರೆ ಇಲ್ಲಿ ಸಿಂಡಿಕೇಟ್ ಅನ್ನುವುದು, ಇದೇ ಕಾರಣಕ್ಕೆ ಅಷ್ಟು ಸಾಮಾನ್ಯ. ಇಬ್ಬರು ಪಾಲುದಾರರಿದ್ದರೆ ಖರ್ಚು ಅರ್ಧ. ಅದಕ್ಕಿಂತ ದೊಡ್ಡ ಲಾಭ, ಬೆಳಿಗ್ಗೆ ರೆಕ್ಕೆ ಹಿಡಿಯಲು ಒಬ್ಬರು ಇದ್ದೇ ಇರುತ್ತಾರೆ.

ಕೊನೆಯದು ನಿಮ್ಮ ತೂಕ. ಇದನ್ನು ನಮ್ಮವರಿಗೆ ಯಾರೂ ಹೇಳುವುದಿಲ್ಲ. ಪ್ರತಿ ಗ್ಲೈಡರಿನ ಕಾಕ್‌ಪಿಟ್‌ನಲ್ಲಿ ಒಂದು ಫಲಕ ಇರುತ್ತದೆ. ಪೈಲಟ್ ಮತ್ತು ಪ್ಯಾರಾಚೂಟ್ ಸೇರಿ ಕನಿಷ್ಠ ಇಷ್ಟು ಕೆಜಿ, ಗರಿಷ್ಠ ಇಷ್ಟು ಕೆಜಿ ಅಂತ. ಕನಿಷ್ಠಕ್ಕಿಂತ ಕಡಿಮೆ ಆದರೆ ತೂಕದ ಕೇಂದ್ರ ಹಿಂದೆ ಸರಿಯುತ್ತದೆ, ಗ್ಲೈಡರ್ ಹಿಡಿತಕ್ಕೆ ಸಿಗದೆ ಹೋಗಬಹುದು. ಬಹಳ ಗ್ಲೈಡರುಗಳಲ್ಲಿ ಈ ಕನಿಷ್ಠ 65ರಿಂದ 75 ಕೆಜಿ ಆಸುಪಾಸು. ನಮ್ಮ ಡಾಕ್ಟರ್ ಮೇಡಂ 50 ಕೆಜಿ. ಪ್ಯಾರಾಚೂಟ್ ಸೇರಿಸಿದರೂ 57. ಅವರಿಗೆ ಮುಂದೆ ಸೀಸದ ತೂಕ ಗಟ್ಟಿಯಾಗಿ ಬೋಲ್ಟ್ ಮಾಡುವ ವ್ಯವಸ್ಥೆ ಇರುವ ಗ್ಲೈಡರೇ ಆಗಬೇಕು. ಸೀಟಿನ ಕೆಳಗೆ ಸುಮ್ನೆ ಮರಳುಚೀಲ ಇಟ್ಟರೆ ನಡೆಯುವುದಿಲ್ಲ. ಹಾಗಾಗಿ ಫೋನಿನಲ್ಲಿ ಮಾರುವವರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: "ಫಲಕದಲ್ಲಿ ಕನಿಷ್ಠ ಎಷ್ಟಿದೆ?" ಒಂದೇ ಮಾದರಿಯ ಎರಡು ಗ್ಲೈಡರುಗಳಲ್ಲಿ ಬೇರೆ ಬೇರೆ ಇರಬಹುದು.

ಕೊಳ್ಳದೇ ಇರುವುದೂ ಒಂದು ಆಯ್ಕೆ

ನಿಮಗೆ ಸೋಲೋ ಆಗಿ ಆರು ತಿಂಗಳೂ ಆಗಿಲ್ಲ ಅಂದರೆ ಒಂದು ವರ್ಷ ಕ್ಲಬ್ಬಿನ ಒಂಟಿ ಸೀಟಿನ ಗ್ಲೈಡರಿನಲ್ಲೇ ಹಾರಿ. ಪೋಲೆಂಡಿನ ಜೂನಿಯರ್, ಜರ್ಮನಿಯ ಎಎಸ್‌ಕೆ 23 ಇಂಥವು ಬಹಳ ಕ್ಲಬ್ಬುಗಳಲ್ಲಿವೆ. ಹ್ಯಾಂಗರಿನಲ್ಲಿ ಜೋಡಿಸಿಯೇ ಇರುತ್ತವೆ, ತಪ್ಪನ್ನು ಕ್ಷಮಿಸುತ್ತವೆ. ಗ್ಲೈಡಿಂಗ್ ಸಾಧನೆಗೆ ಕೊಡುವ ಸಿಲ್ವರ್ ಬ್ಯಾಡ್ಜಿನ ಐದು ಗಂಟೆ ಹಾರಾಟ, 1000 ಮೀಟರ್ ಎತ್ತರದ ಗಳಿಕೆ, 50 ಕಿಮೀ ದೂರ, ಮೂರನ್ನೂ ಇವುಗಳಲ್ಲೇ ಮುಗಿಸಬಹುದು. ತೊಂದರೆ ಒಂದೇ: ಒಳ್ಳೆಯ ದಿನ ಎಲ್ಲರಿಗೂ ಅದೇ ಬೇಕು. ನಿಮ್ಮ ಸರದಿ ಬರುವ ಹೊತ್ತಿಗೆ ಸಂಜೆ ನಾಲ್ಕು.

ಸ್ಕೈಲಾರ್ಕ್: ಕಡಿಮೆ ದುಡ್ಡಿಗೆ ದೊಡ್ಡ ರೆಕ್ಕೆ

ಬ್ರಿಟಿಷ್ ಗ್ಲೈಡರ್ ಅಂದರೆ ಸ್ಲಿಂಗ್ಸ್‌ಬಿ. ಫ್ರೆಡ್ ಸ್ಲಿಂಗ್ಸ್‌ಬಿ ಮೊದಲ ಮಹಾಯುದ್ಧದಲ್ಲಿ ರಾಯಲ್ ಫ್ಲೈಯಿಂಗ್ ಕೋರ್‌ನಲ್ಲಿದ್ದವರು. ಆಮೇಲೆ ಸ್ಕಾರ್‌ಬರೋದಲ್ಲಿ ಮರಗೆಲಸ, ಪೀಠೋಪಕರಣದ ಕಾರ್ಖಾನೆ ನಡೆಸುತ್ತಿದ್ದರು. ಗ್ಲೈಡರ್ ಕಟ್ಟುವ ಕೆಲಸ ಅಲ್ಲಿಂದ ಬೆಳೆದು ಯಾರ್ಕ್‌ಶೈರಿನ ಕರ್ಬಿಮೂರ್‌ಸೈಡಿಗೆ ಬಂತು. ಫಿಲಿಪ್ ವಿಲ್ಸ್ 1952ರಲ್ಲಿ ಸ್ಪೇನಿನಲ್ಲಿ ವಿಶ್ವ ಚಾಂಪಿಯನ್ ಆದದ್ದು ಸ್ಲಿಂಗ್ಸ್‌ಬಿಯ ಸ್ಕೈ ಗ್ಲೈಡರಿನಲ್ಲಿ. ಅದೇ ಕಂಪನಿಯ ಸ್ಕೈಲಾರ್ಕ್ 3 ಮೊದಲು ಹಾರಿದ್ದು 1955ರಲ್ಲಿ. 1960ರಲ್ಲಿ ಜರ್ಮನಿಯಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ರೆಕ್ಕೆಯ ಉದ್ದಕ್ಕೆ ಮಿತಿ ಇಲ್ಲದ ಓಪನ್ ಕ್ಲಾಸನ್ನು ಅರ್ಜೆಂಟೀನಾದ ರೊಡಾಲ್ಫೊ ಹೊಸಿಂಗರ್ ಇದರಲ್ಲೇ ಗೆದ್ದರು. ಅದಕ್ಕೆ ಒಂದು ವರ್ಷ ಮೊದಲು, 1959ರ ಮೇ ತಿಂಗಳಲ್ಲಿ, ನಿಕ್ ಗುಡ್‌ಹಾರ್ಟ್ ಹ್ಯಾಂಪ್‌ಶೈರಿನ ಲ್ಯಾಶಮ್‌ನಿಂದ ಸ್ಕಾಟ್‌ಲೆಂಡಿನ ಪೋರ್ಟ್‌ಮೋಕ್‌ವರೆಗೆ 360 ಮೈಲಿ ಹಾರಿ ಹೇಳಿದ ಜಾಗದಲ್ಲೇ ಇಳಿದರು. ಅದೂ ಸ್ಕೈಲಾರ್ಕ್ 3ರಲ್ಲಿ. ಇಂಜಿನ್ ಇಲ್ಲದ, ಮರದ, 18 ಮೀಟರ್ ರೆಕ್ಕೆಯ ವಿಮಾನದಲ್ಲಿ!

ಇದೇ ಗ್ಲೈಡರ್ ಇವತ್ತು ಎರಡು-ಮೂರು ಸಾವಿರ ಪೌಂಡಿಗೆ ಸಿಗುತ್ತದೆ. ಕಾಯುವ ತಾಳ್ಮೆ ಇದ್ದರೆ ಇನ್ನೂ ಕಡಿಮೆಗೆ. 1961ರಲ್ಲಿ ಬಂದ ಸ್ಕೈಲಾರ್ಕ್ 4 ಇನ್ನೂ ಚೊಕ್ಕ. ದುರ್ಬಲ ಥರ್ಮಲ್‌ನಲ್ಲಿ ಇದು ಹತ್ತುವುದನ್ನು ನೋಡಬೇಕು. ಸಂಜೆ ಐದರ ಮೇಲೆ ಫೈಬರ್ ಗ್ಲೈಡರುಗಳೆಲ್ಲ ಒಂದೊಂದಾಗಿ ಇಳಿದ ಮೇಲೂ ಸ್ಕೈಲಾರ್ಕ್ ಮೇಲೇ ಇರುತ್ತದೆ. ಏರ್‌ಬ್ರೇಕ್ ಚೆನ್ನಾಗಿದೆ, ನಿಧಾನಕ್ಕೆ ಇಳಿಯುತ್ತದೆ. ಸಣ್ಣ ಹೊಲವಾದರೂ ಗಾಬರಿ ಇಲ್ಲ.

ಈಗ ಇನ್ನೊಂದು ಮುಖ. ಸ್ಕೈಲಾರ್ಕ್‌ನ ರೆಕ್ಕೆ ಮೂರು ತುಂಡು. ನಡುವಿನ ತುಂಡು ಉದ್ದ, ಭಾರ. ನಾನು ಎರಡು ವರ್ಷ ಒಂದರಲ್ಲಿ ಪಾಲುದಾರನಾಗಿದ್ದೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಈಗಲೂ ಕಣ್ಣ ಮುಂದಿದೆ. ಹುಲ್ಲಿನ ಮೇಲೆ ಮಂಜು, ಬೂಟು ಒದ್ದೆ. ನಡುವಿನ ತುಂಡನ್ನು ನಾಲ್ವರು ಎತ್ತಿ ಬಾಡಿಯ ಮೇಲೆ ಹಿಡಿದಿದ್ದೇವೆ. ಒಬ್ಬರು ಕೆಳಗೆ ಕೂತು ಪಿನ್ ತೂರಿಸುತ್ತಿದ್ದಾರೆ. ಪಿನ್ನಿಗೂ ತೂತಿಗೂ ಒಂದು ಬೆರಳಿನಷ್ಟು ಅಂತರ. "ಸ್ವಲ್ಪ ಮುಂದೆ, ಸ್ವಲ್ಪ ಮೇಲೆ, ಇಲ್ಲ ಇಲ್ಲ, ಹಿಂದೆ." ತೋಳು ನಡುಗುತ್ತಿತ್ತು. ಪಿನ್ ಕೂತಾಗ ಬಂದ "ಟಕ್" ಶಬ್ದ ನನಗೆ ಮಂಗಳಾರತಿಯ ಗಂಟೆಯಷ್ಟೇ ಹಿತವಾಗಿ ಕೇಳಿತು. ಆ ವರ್ಷ ನಾವು ಅದನ್ನು ಹೊರಗೆ ತೆಗೆದದ್ದು ಹದಿನಾಲ್ಕು ಸಲ. ನಾಲ್ಕು ಕೈ ಸಿಗದೆ ಬಿಟ್ಟ ಒಳ್ಳೆಯ ದಿನಗಳು ಅದಕ್ಕಿಂತ ಜಾಸ್ತಿ.

ಅಂದರೆ ಸ್ಕೈಲಾರ್ಕ್ ಯಾರಿಗೆ? ಹ್ಯಾಂಗರಿನಲ್ಲಿ ಜೋಡಿಸಿಯೇ ಇಡಲು ಜಾಗ ಸಿಗುವವರಿಗೆ. ಮೂರ್ನಾಲ್ಕು ಗೆಳೆಯರು ಸೇರಿ ಕೊಳ್ಳುವವರಿಗೆ. ಮರದ ಕೆಲಸ ಕಲಿಯಬೇಕು ಅನ್ನುವವರಿಗೆ. ಒಬ್ಬರೇ ಕೊಳ್ಳುವುದಾದರೆ, ಬೆಲೆ ಎಷ್ಟೇ ಆಸೆ ಹುಟ್ಟಿಸಿದರೂ, ಬೇಡ.

ಡಾರ್ಟ್ ಮತ್ತು ಕಾ 6: ಮರದಲ್ಲೇ ಹಗುರವಾದದ್ದು

ಡಾರ್ಟ್ ಕೂಡ ಸ್ಲಿಂಗ್ಸ್‌ಬಿಯದೇ, 1963ರಲ್ಲಿ ಮೊದಲು ಹಾರಿತು. ರೆಕ್ಕೆ ಎರಡೇ ತುಂಡು. 15 ಮೀಟರಿನದೂ ಇದೆ, 17 ಮೀಟರಿನದೂ ಇದೆ. 1965ರ ವಿಶ್ವ ಸ್ಪರ್ಧೆ ಇಂಗ್ಲೆಂಡಿನ ಸೌತ್ ಸರ್ನಿಯಲ್ಲೇ ನಡೆಯಿತು. ಅಲ್ಲಿ 15 ಮೀಟರ್ ರೆಕ್ಕೆಯ ಸ್ಟ್ಯಾಂಡರ್ಡ್ ಕ್ಲಾಸಿನ ಒಳ್ಳೆಯ ವಿನ್ಯಾಸಕ್ಕೆ ಕೊಡುವ ಬಹುಮಾನ ಡಾರ್ಟ್‌ಗೆ ಬಂತು. ತಯಾರಕರು ಹೇಳಿದ ಗ್ಲೈಡ್ ರೇಶಿಯೊ 15 ಮೀಟರಿಗೆ 33ರ ಮೇಲೆ, 17 ಮೀಟರಿಗೆ 36ರ ಆಸುಪಾಸು. ಮರದ ಯುಗದ ಕೊನೆಯ ಚೆಲುವು ಇದರಲ್ಲಿದೆ. ಮೂತಿ ಚೂಪು, ಮೈ ತೆಳು. ಆದರೆ ತೆಳು ಅಂದರೆ ಒಳಗೂ ಇಕ್ಕಟ್ಟು. ಆರಡಿ ಮೇಲಿನವರು ಒಮ್ಮೆ ಕೂತು ನೋಡದೆ ಮುಂಗಡ ಕೊಡಬೇಡಿ.

ಕಾ 6 ಜರ್ಮನಿಯದ್ದು, ರುಡಾಲ್ಫ್ ಕೈಸರ್ ಅವರ ವಿನ್ಯಾಸ. ಹೈನ್ಸ್ ಹೂಥ್ 1960 ಮತ್ತು 1963ರಲ್ಲಿ ಎರಡು ಸಲ ಸ್ಟ್ಯಾಂಡರ್ಡ್ ಕ್ಲಾಸ್ ಗೆದ್ದದ್ದು ಇದರಲ್ಲಿ. ಗ್ಲೈಡ್ ರೇಶಿಯೊ 30ರ ಹತ್ತಿರ, ಅಂದರೆ ಡಾರ್ಟ್‌ಗಿಂತ ಕಡಿಮೆ. ಆದರೆ ಇದರ ಖಾಲಿ ತೂಕವೇ ಸುಮಾರು 190 ಕೆಜಿ. ಇಬ್ಬರು ಮಾತಾಡುತ್ತಾ ಜೋಡಿಸಬಹುದು. ಸಾವಿರಕ್ಕೂ ಹೆಚ್ಚು ಕಟ್ಟಿದ್ದರಿಂದ ಇದರ ಒಳಹೊರಗು ಗೊತ್ತಿರುವ ತಪಾಸಕರು ಸಿಗುತ್ತಾರೆ. ಮೂರು-ನಾಲ್ಕು ಸಾವಿರ ಇಟ್ಟುಕೊಂಡಿರುವ ನಮ್ಮ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಬ್ರಿಟಿಷ್ ಗ್ಲೈಡರ್ ಮೇಲೆ ನನಗೆ ಎಷ್ಟೇ ಪ್ರೀತಿ ಇದ್ದರೂ, ಒಂಟಿಯಾಗಿ ಇರುವವನಿಗೆ ಕಾ 6 ಸರಿ. ಜೊತೆಗೊಬ್ಬ ಪಾಲುದಾರ ಸಿಕ್ಕಿ, ಒಳ್ಳೆಯ ಸ್ಥಿತಿಯ ಡಾರ್ಟ್ ಕಣ್ಣಿಗೆ ಬಿದ್ದರೆ ಆಗ ಡಾರ್ಟ್.

ಮರದ ಯಾವುದನ್ನೇ ನೋಡಲು ಹೋದರೂ ಮೊದಲು ಟ್ರೇಲರಿನ ಬಾಗಿಲು ತೆಗೆದು ಮೂಗು ಒಡ್ಡಿ. ವಾರ್ನಿಷ್, ಬಟ್ಟೆಗೆ ಹಚ್ಚುವ ಡೋಪ್ ವಾಸನೆ ಬಂದರೆ ಸರಿ. ಮಳೆಗಾಲದಲ್ಲಿ ಮುಚ್ಚಿಟ್ಟ ಅಟ್ಟದ ವಾಸನೆ ಬಂದರೆ ಎಚ್ಚರ. ನೀರು ಒಳಗೆ ಹೋಗಿ ನಿಂತರೆ ಅಂಟು ಸಡಿಲ ಆಗುತ್ತದೆ, ಅದು ಹೊರಗಿಂದ ಕಾಣುವುದಿಲ್ಲ. ಪ್ಲೈವುಡ್ ಮೇಲೆ ಉಗುರಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ಶಬ್ದ ಒಂದು ಕಡೆ ತಟ್ಟನೆ ಪೊಳ್ಳಾದರೆ ಅಲ್ಲಿ ನಿಂತು, ತಪಾಸಕರನ್ನು ಕರೆದು ತೋರಿಸಿ. ಒಂದು ಸಲ ನಾನು ನೋಡಲು ಹೋದ ಗ್ಲೈಡರಿಗೆ ಹೊಸ ಬಣ್ಣ ಹೊಡೆದಿದ್ದರು, ಚೆಂದ ಹೊಳೆಯುತ್ತಿತ್ತು. ಟ್ರೇಲರಿನ ನೆಲದ ಮೇಲೆ ಕಾಲಿಟ್ಟರೆ ಹಲಗೆ ಕುಸಿಯಿತು. ನೆಲವೇ ಹಾಗೆ ಕೊಳೆತಿದ್ದರೆ ಅದರ ಮೇಲೆ ವರ್ಷಗಟ್ಟಲೆ ಮಲಗಿದ್ದ ರೆಕ್ಕೆಯ ಗತಿ ಏನು? ವಾಪಸ್ ಬಂದೆ.

ಕೆಸ್ಟ್ರೆಲ್ 19 ಮತ್ತು ವೆಗಾ: ಸ್ಲಿಂಗ್ಸ್‌ಬಿಯ ಫೈಬರ್

1968ರಲ್ಲಿ ಸ್ಲಿಂಗ್ಸ್‌ಬಿ ಕಾರ್ಖಾನೆಗೆ ಬೆಂಕಿ ಬಿತ್ತು. ಮರುವರ್ಷ ಕಂಪನಿ ಮುಳುಗಿತು, ವಿಕರ್ಸ್ ಕೊಂಡುಕೊಂಡಿತು. ಆಮೇಲೆ ಜರ್ಮನಿಯ ಗ್ಲಾಸ್‌ಫ್ಲೂಗೆಲ್ ಪರವಾನಗಿಯಲ್ಲಿ ಕೆಸ್ಟ್ರೆಲ್ ಕಟ್ಟಿದರು, ರೆಕ್ಕೆಯನ್ನು 19 ಮೀಟರಿಗೆ ಚಾಚಿದರು. ಗ್ಲೈಡ್ ರೇಶಿಯೊ 44ರ ಆಸುಪಾಸು. ಆ ಬೆಲೆಗೆ ಅಷ್ಟು ದೂರ ತೇಲುವ ಗ್ಲೈಡರ್ ಬೇರೆ ಸಿಗುವುದು ಕಷ್ಟ.

ಇದರ ಬಾಲದಲ್ಲಿ ಒಂದು ಸಣ್ಣ ಪ್ಯಾರಾಚೂಟ್ ಇದೆ, ಇಳಿಯುವಾಗ ವೇಗ ತಗ್ಗಿಸಲು. ಹೊಸಬರು ಇದನ್ನು ನೋಡಿ ಬೆರಗಾಗುತ್ತಾರೆ. ಆದರೆ ಬ್ರಿಟಿಷ್ ಗ್ಲೈಡರುಗಳಿಗೆ ಇದು ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರ ನಡುರಾತ್ರಿ, ಫ್ರಾನ್ಸಿನ ನಾರ್ಮಂಡಿಯ ಪೆಗಾಸಸ್ ಸೇತುವೆಯ ಪಕ್ಕ ಹೋರ್ಸಾ ಗ್ಲೈಡರುಗಳು ಇಳಿದವಲ್ಲ, ಆಗಲೂ ಬಾಲದ ಪ್ಯಾರಾಚೂಟ್ ಬಳಸಿದ್ದರು. ಹೋರ್ಸಾ ಅಂದರೆ 88 ಅಡಿ ರೆಕ್ಕೆಯ, ಸೈನಿಕರನ್ನು ತುಂಬಿಕೊಂಡ, ಮರದ ಸಾಗಣೆ ಗ್ಲೈಡರ್. ಅದರ ಭಾಗಗಳನ್ನು ಪೀಠೋಪಕರಣದ ಕಾರ್ಖಾನೆಗಳಲ್ಲಿ ಮಾಡುತ್ತಿದ್ದರು. ಆ ರಾತ್ರಿ ಹ್ಯಾಲಿಫ್ಯಾಕ್ಸ್ ವಿಮಾನಗಳು ಎಳೆದು ತಂದು ಬಿಟ್ಟ ಮೇಲೆ, ಮೊದಲ ಹೋರ್ಸಾದ ಪೈಲಟ್ ಜಿಮ್ ವಾಲ್‌ವರ್ಕ್ ಕತ್ತಲೆಯಲ್ಲಿ ಸ್ಟಾಪ್‌ವಾಚ್, ದಿಕ್ಸೂಚಿ ನಂಬಿಕೊಂಡು ಸೇತುವೆಯ ಮಗ್ಗುಲಲ್ಲೇ ತಂದು ನಿಲ್ಲಿಸಿದರು. ಹೊಲದಲ್ಲಿ ಇಳಿಯುವುದನ್ನು ಕಲಿಸುವಾಗ ನನ್ನ ಇನ್‌ಸ್ಟ್ರಕ್ಟರ್ ಈ ಕಥೆ ಹೇಳಿದ್ದರು. ಎತ್ತರ, ವೇಗ, ತಿರುವು ಮೂರನ್ನೂ ಮೊದಲೇ ಯೋಚಿಸಿಟ್ಟುಕೊಂಡವರಿಗೆ ಇಂಜಿನ್ ಇಲ್ಲದಿರುವುದು ಅಡ್ಡಿ ಆಗುವುದಿಲ್ಲ ಎಂದು ಅವರು ಹೇಳಿದ್ದು ಇನ್ನೂ ನೆನಪಿದೆ.

ಕೆಸ್ಟ್ರೆಲ್‌ಗೆ ಬಂದರೆ, ಮೊದಲ ಗ್ಲೈಡರಾಗಿ ನಾನು ಇದನ್ನು ಹೇಳುವುದಿಲ್ಲ. ಒಂದೊಂದು ರೆಕ್ಕೆಯೂ ಬೆನ್ನು ಮುರಿಯುವಷ್ಟು ಭಾರ. ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಬಾಗುವ ಪಟ್ಟಿ), ಬಾಲದ ಪ್ಯಾರಾಚೂಟ್, ಒಳಗೆ ಮಡಿಸುವ ಚಕ್ರ, ಎಲ್ಲವನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು. 200 ಗಂಟೆ ಆದ ಮೇಲೆ, ಟ್ರೇಲರಿನಲ್ಲಿ ರೆಕ್ಕೆ ಹೊರುವ ಗಾಡಿ ಇದ್ದರೆ ಯೋಚಿಸಿ.

ವೆಗಾ 1977ರದ್ದು, 15 ಮೀಟರ್, ಫ್ಲ್ಯಾಪ್ ಇರುವುದು, ಕಾರ್ಬನ್ ಫೈಬರ್ ಬಳಸಿದ್ದು. ಸ್ಲಿಂಗ್ಸ್‌ಬಿ ಗ್ಲೈಡರುಗಳ ಸಾಲಿನಲ್ಲಿ ಕೊನೆಯದು. ಹಾರಲು ಚುರುಕು. ಬಿಡಿಭಾಗ ಹುಡುಕುವುದು ಕಷ್ಟ, ಅದಕ್ಕೇ ಬೆಲೆಯೂ ಕಡಿಮೆ. ವೆಗಾ ಇಟ್ಟುಕೊಂಡಿರುವ ಇನ್ನೊಬ್ಬರು ನಿಮ್ಮ ಕ್ಲಬ್ಬಿನಲ್ಲೇ ಇದ್ದರೆ ಮಾತ್ರ ಮುಂದುವರಿಯಿರಿ.

ಸ್ಪರ್ಧೆಯ ಲೆಕ್ಕ

ಮುಂದಿನ ಎರಡು ಗ್ಲೈಡರುಗಳ ಬಗ್ಗೆ ಹೇಳುವ ಮೊದಲು ಸ್ಪರ್ಧೆ ಹೇಗೆ ನಡೆಯುತ್ತದೆ ಅಂತ ಹೇಳಲೇಬೇಕು. ಬೆಳಿಗ್ಗೆ ಬ್ರೀಫಿಂಗ್. ಹವಾಮಾನ ನೋಡಿ ಆ ದಿನದ ದಾರಿ ಕೊಡುತ್ತಾರೆ: ಈ ಊರು, ಆ ಚರ್ಚು, ಇನ್ನೊಂದು ಜಂಕ್ಷನ್, ವಾಪಸ್. 200 ಕಿಮೀ, ಕೆಲವೊಮ್ಮೆ 300. ಎಲ್ಲರೂ ಸಾಲಾಗಿ ನಿಂತು ಒಬ್ಬೊಬ್ಬರಾಗಿ ಮೇಲೆ ಹೋಗುತ್ತಾರೆ. ಸ್ಟಾರ್ಟ್ ಲೈನ್ ತೆರೆದ ಮೇಲೆ ಯಾವಾಗ ಹೊರಡಬೇಕು ಅನ್ನುವುದು ನಿಮ್ಮ ನಿರ್ಧಾರ. ಬೇಗ ಹೊರಟರೆ ಥರ್ಮಲ್ ಇನ್ನೂ ಎದ್ದಿರುವುದಿಲ್ಲ. ತಡ ಮಾಡಿದರೆ ಕೊನೆಯ ತಿರುವಿನಲ್ಲಿ ಬಿಸಿಲು ಹೋಗಿರುತ್ತದೆ. ಲಾಗರ್ ಎನ್ನುವ ಜಿಪಿಎಸ್ ಸಾಧನ ನಿಮ್ಮ ದಾರಿಯನ್ನೆಲ್ಲ ದಾಖಲು ಮಾಡುತ್ತದೆ. ಒಳ್ಳೆಯ ದಿನದಲ್ಲಿ ಗೆದ್ದವರಿಗೆ 1000 ಅಂಕ. ದಾರಿಯಲ್ಲೇ ಹೊಲಕ್ಕೆ ಇಳಿದವರಿಗೆ ಹೋದಷ್ಟು ದೂರಕ್ಕೆ ಅಂಕ.

ಹಳೇ ಗ್ಲೈಡರಿಗೆ ಇಲ್ಲಿ ಜಾಗ ಇದೆಯಾ? ಇದೆ. ಕ್ಲಬ್ಬುಗಳು ನಡೆಸುವ ರೀಜನಲ್ ಸ್ಪರ್ಧೆಗಳಲ್ಲಿ ಹ್ಯಾಂಡಿಕ್ಯಾಪ್, ಅಂದರೆ ಗ್ಲೈಡರಿನ ಸಾಮರ್ಥ್ಯಕ್ಕೆ ತಕ್ಕ ಅಂಕೆ, ಇರುತ್ತದೆ. ಉದಾಹರಣೆಗೆ ಒಂದು ಗ್ಲೈಡರಿಗೆ 100, ಇನ್ನೊಂದಕ್ಕೆ 80 ಅಂತ ಇಟ್ಟುಕೊಳ್ಳಿ. ಮೊದಲನೆಯದು ಗಂಟೆಗೆ 90 ಕಿಮೀ ಸರಾಸರಿ ಹಾರಿತು, ಎರಡನೆಯದು 75. 75ನ್ನು 0.8ರಿಂದ ಭಾಗಿಸಿದರೆ 93.75. ಹಳೇದೇ ಗೆದ್ದಿತು! ಕಾಗದದ ಮೇಲೆ ಇದು ನ್ಯಾಯ. ಆಕಾಶದಲ್ಲಿ ಒಂದು ತೊಡಕು ಇದೆ. ಮರದ ಗ್ಲೈಡರಿಗೆ ಅದೇ ದೂರ ಹಾರಲು ಹೆಚ್ಚು ಹೊತ್ತು ಬೇಕು, ಒಳ್ಳೆಯ ಥರ್ಮಲ್ ಇರುವ ಹೊತ್ತು ಮಾತ್ರ ಎಲ್ಲರಿಗೂ ಅಷ್ಟೇ. ಮೇಲೆ ಹೇಳಿದ ಎದುರುಗಾಳಿಯ ಲೆಕ್ಕವೂ ಸೇರಿದರೆ ಮರದವರು ಹೊಲದಲ್ಲಿ ಇಳಿಯುವುದು ಜಾಸ್ತಿ. ಗಾಳಿ ಕಡಿಮೆ ಇರುವ ದಿನ ಕಾ 6ನಲ್ಲಿ ಬಂದವರು ಎಲ್ಲರನ್ನೂ ಬೆಚ್ಚಿಬೀಳಿಸುವುದನ್ನು ನೋಡಿದ್ದೇನೆ. ಆದರೆ ಒಂಬತ್ತು ದಿನದ ಸ್ಪರ್ಧೆಯಲ್ಲಿ ಅಂಥ ದಿನ ಒಂದೋ ಎರಡೋ.

ಇದಕ್ಕಾಗಿಯೇ ಕ್ಲಬ್ ಕ್ಲಾಸ್ ಅಂತ ಒಂದು ವರ್ಗ ಮಾಡಿದ್ದಾರೆ. ಹೆಚ್ಚುಕಮ್ಮಿ ಒಂದೇ ಸಾಮರ್ಥ್ಯದ ಹಳೇ ಫೈಬರ್ ಗ್ಲೈಡರುಗಳು, ಹ್ಯಾಂಡಿಕ್ಯಾಪ್ ಜೊತೆಗೆ. 2001ರಿಂದ ಇದಕ್ಕೆ ವಿಶ್ವ ಸ್ಪರ್ಧೆಯೂ ಇದೆ. ಹೊಸ ಗ್ಲೈಡರಿಗೆ ಮನೆ ಅಡ ಇಡದೆ ದೊಡ್ಡ ಮಟ್ಟಕ್ಕೆ ಹೋಗಲು ಇದೇ ದಾರಿ. ಸ್ಪರ್ಧೆ ಬೇಕು ಅನ್ನುವ ನಮ್ಮ ಮೂರನೆಯವರು ಇಲ್ಲಿಂದಲೇ ಯೋಚಿಸಬೇಕು. ಹೆಸರು ಕೊಡುವ ಮೊದಲು ಆ ಸ್ಪರ್ಧೆಗೆ ಯಾವ ಬ್ಯಾಡ್ಜ್, ಯಾವ ಎಂಡೋರ್ಸ್‌ಮೆಂಟ್ ಬೇಕು ಅಂತ ನಿಯಮ ಓದಿ.

ಸ್ಟ್ಯಾಂಡರ್ಡ್ ಸಿರಸ್ ಮತ್ತು ಎಲ್‌ಎಸ್4

ಎರಡೂ ಜರ್ಮನಿಯವು, ಎರಡೂ 15 ಮೀಟರ್, ಎರಡಕ್ಕೂ ಫ್ಲ್ಯಾಪ್ ಇಲ್ಲ. ಸಿರಸ್ 1969ರದ್ದು, ಕ್ಲೌಸ್ ಹೋಲಿಗ್‌ಹೌಸ್ ವಿನ್ಯಾಸ, ಗ್ಲೈಡ್ ರೇಶಿಯೊ ಸುಮಾರು 38. ಎಲ್‌ಎಸ್4 1980ರದ್ದು, ಸುಮಾರು 40. 1981ರ ವಿಶ್ವ ಸ್ಪರ್ಧೆಯ ಸ್ಟ್ಯಾಂಡರ್ಡ್ ಕ್ಲಾಸ್ ಗೆದ್ದದ್ದು ಎಲ್‌ಎಸ್4. ಬೆಲೆ ನೋಡಿದರೆ ಸಿರಸ್ ಹತ್ತು ಸಾವಿರ ಪೌಂಡಿನ ಆಸುಪಾಸಿನಲ್ಲಿ ಸಿಗುತ್ತದೆ. ಎಲ್‌ಎಸ್4ಗೆ ಅದರ ಮೇಲೆ ಇನ್ನೂ ಅರ್ಧವಾದರೂ ಸೇರಿಸಬೇಕು, ಒಳ್ಳೆಯದಕ್ಕೆ ಅದಕ್ಕೂ ಜಾಸ್ತಿ.

ಎರಡು ಪಾಯಿಂಟಿಗೆ ಅಷ್ಟು ದುಡ್ಡಾ ಅಂದರೆ, ಪಾಯಿಂಟಿಗಾಗಿ ಬೇಡ. 1000 ಮೀಟರ್ ಎತ್ತರದಿಂದ ಒಂದು 38 ಕಿಮೀ ಹೋಗುತ್ತದೆ, ಇನ್ನೊಂದು 40. ಗಾಳಿ ನಿಂತ ದಿನ, ಕಾಗದದ ಲೆಕ್ಕ. ವ್ಯತ್ಯಾಸ ಇರುವುದು ಕೈಗೆ ಸಿಗುವ ಹದದಲ್ಲಿ. ಸಿರಸ್‌ನಲ್ಲಿ ಬಾಲದ ಅಡ್ಡರೆಕ್ಕೆ ಪೂರ್ತಿಯಾಗಿ ಅಲುಗುತ್ತದೆ. ಸ್ಟಿಕ್ ಬೆರಳಷ್ಟು ಸರಿಸಿದರೆ ಮೂತಿ ಎದ್ದುಬಿಡುತ್ತದೆ. ವಿಂಚಿನಲ್ಲಿ, ಇಳಿಯುವಾಗ, ಹೊಸಬರು ಏಳು-ಬೀಳು ಮಾಡುವುದು ಇದರಿಂದ. ಹತ್ತು ಹಾರಾಟದಲ್ಲಿ ಕೈ ಒಗ್ಗುತ್ತದೆ. ಆ ಹತ್ತನ್ನು ಶಾಂತ ದಿನಗಳಲ್ಲಿ, ಏರೋಟೋದಲ್ಲಿ ಮುಗಿಸಿ. ಮೊದಮೊದಲ ಸಿರಸ್‌ಗಳ ಏರ್‌ಬ್ರೇಕ್ ಅಷ್ಟು ಗಟ್ಟಿ ಇಲ್ಲ. ಸಿರಸ್ 75 ಎನ್ನುವ ಮಾದರಿಯಲ್ಲಿ ಅದನ್ನು ಸುಧಾರಿಸಿದರು. ಎರಡು ಒಂದೇ ಬೆಲೆಗೆ ಇದ್ದರೆ 75ನ್ನೇ ಹುಡುಕಿ. ಎಲ್‌ಎಸ್4 ಈ ಯಾವ ತಕರಾರೂ ಮಾಡುವುದಿಲ್ಲ. ಮೊದಲ ಹಾರಾಟದಲ್ಲೇ ನಿಮ್ಮ ಹಳೇ ಪರಿಚಯದಂತೆ ನಡೆದುಕೊಳ್ಳುತ್ತದೆ. ದಣಿದು, ಐದನೇ ಗಂಟೆಯಲ್ಲಿ, ಅಡ್ಡಗಾಳಿಯಲ್ಲಿ, ಗೊತ್ತಿಲ್ಲದ ಹೊಲದಲ್ಲಿ ಇಳಿಯುವಾಗ ಆ ನಡವಳಿಕೆಗೆ ಬೆಲೆ ಇದೆ.

ಜೋಡಿಸಲು ಎರಡಕ್ಕೂ ಇಬ್ಬರು ಸಾಕು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಈ ಕಾಲದ ಗ್ಲೈಡರುಗಳಲ್ಲಿ ಐಲರಾನ್ (ಗ್ಲೈಡರನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ), ಏರ್‌ಬ್ರೇಕ್ ಕಡ್ಡಿಗಳನ್ನು ಕೈಯಿಂದ ಸೇರಿಸಿ, ಲಾಕ್ ಮಾಡಿ, ಪಿನ್ ಹಾಕಬೇಕು. ಬೆರಳಿಟ್ಟು ಎಳೆದು ನೋಡಿ. ಆಮೇಲೆ ಒಬ್ಬರು ಹೊರಗೆ ಐಲರಾನ್ ಬಿಗಿಯಾಗಿ ಹಿಡಿದಿರಬೇಕು, ನೀವು ಒಳಗಿಂದ ಸ್ಟಿಕ್ ತಳ್ಳಬೇಕು. ಯಾರಾದರೂ ಮಾತಾಡಿಸಲು ಬಂದರೆ "ಒಂದು ನಿಮಿಷ" ಅನ್ನಿ. ಮಧ್ಯದಲ್ಲಿ ನಿಂತುಹೋದರೆ ಮೊದಲಿಂದ ಶುರು ಮಾಡಿ.

ಫೈಬರಿನಲ್ಲಿ ನೋಡಬೇಕಾದದ್ದು ಜೆಲ್‌ಕೋಟ್, ಅಂದರೆ ಹೊರಗಿನ ಬಿಳಿ ಪದರ. ರೆಕ್ಕೆಯ ಮೇಲೆ ಓರೆಯಾಗಿ ಟಾರ್ಚ್ ಬಿಡಿ. ಬೇಸಿಗೆಯ ಕೆರೆಯಂಗಳ ಬಿರಿದ ಹಾಗೆ ಕೂದಲೆಳೆಯ ಗೆರೆಗಳು ಕಂಡರೆ ಬೆಲೆ ಇಳಿಸಿ ಕೇಳಿ, ಇಲ್ಲ ಬಿಟ್ಟುಬಿಡಿ. ಪೂರ್ತಿ ಕೆರೆದು ಹೊಸದಾಗಿ ಹಾಕಿಸುವ ಖರ್ಚು ಹಳೇ ಸಿರಸ್‌ನ ಬೆಲೆಯನ್ನೇ ಮೀರಬಹುದು.

ಫ್ಲ್ಯಾಪ್ ಇರುವ ಎಎಸ್‌ಡಬ್ಲ್ಯೂ 20 ಬಗ್ಗೆಯೂ ಕೇಳುತ್ತಾರೆ. ಅದ್ಭುತ ಗ್ಲೈಡರ್, 42ರ ಆಸುಪಾಸು, ಲ್ಯಾಂಡಿಂಗ್ ಫ್ಲ್ಯಾಪ್ ಹಾಕಿದರೆ ಸಣ್ಣ ಹೊಲದಲ್ಲೂ ಇಳಿಯುತ್ತದೆ. ಎರಡನೇ ಗ್ಲೈಡರಾಗಿ ಇಟ್ಟುಕೊಳ್ಳಿ.

ಸ್ಪರ್ಧೆಯ ಆಸೆಯಿರುವವರಿಗೆ ನನ್ನ ಸಲಹೆ ಎಲ್‌ಎಸ್4, ಅದೂ ಸಾಧ್ಯವಾದರೆ ಅರ್ಧ ಪಾಲು. ಉಳಿದ ದುಡ್ಡನ್ನು ಏರೋಟೋಗೆ, ಪರ್ವತದ ಅಲೆಗಾಳಿ ಸಿಗುವ ಸ್ಕಾಟ್‌ಲೆಂಡಿನ ಪೋರ್ಟ್‌ಮೋಕ್ ಅಥವಾ ಅಬೋಯ್ನ್‌ಗೆ ಶರತ್ಕಾಲದಲ್ಲಿ ಒಂದು ವಾರ ಹೋಗಿಬರಲು ಇಡಿ. ಡಾಕ್ಟರ್ ಮೇಡಂಗೂ ಎಲ್‌ಎಸ್4 ಪಾಲೇ. ಎರಡು ವಾರಕ್ಕೊಮ್ಮೆ ಹಾರುವವರ ಕೈ ಜಡ್ಡುಗಟ್ಟಿರುತ್ತದೆ, ಆಗ ಮೆತ್ತಗಿನ ಗ್ಲೈಡರೇ ಬೇಕು. ಅವರು ಹಾರದ ಶನಿವಾರ ಪಾಲುದಾರರು ಹಾರುತ್ತಾರೆ, ಗ್ಲೈಡರೂ ಟ್ರೇಲರಿನಲ್ಲಿ ಕೊಳೆಯುವುದಿಲ್ಲ. ತೂಕದ ಫಲಕ ನೋಡಿದ ಮೇಲೆ ಮಾತ್ರ. ಬಜೆಟ್ ಹತ್ತು ಸಾವಿರದ ಹತ್ತಿರ ನಿಲ್ಲುವವರಿಗೆ, ವಾರಾವಾರ ಹಾರುವವರಿಗೆ ಸಿರಸ್ ಧಾರಾಳವಾಗಿ ಸಾಕು.

ಯಾವಾಗ, ಹೇಗೆ

ಅಕ್ಟೋಬರಿನಲ್ಲಿ ಹುಡುಕಲು ಶುರು ಮಾಡಿ. ಸೀಸನ್ ಮುಗಿದಿರುತ್ತದೆ, ಚಳಿಗಾಲದ ಬಾಡಿಗೆ ಕಟ್ಟಲು ಮನಸ್ಸಿಲ್ಲದವರು ಬೆಲೆ ಇಳಿಸುತ್ತಾರೆ. ರಿಪೇರಿ ಇದ್ದರೆ ಮಾರ್ಚ್ ಒಳಗೆ ಮುಗಿಸಬಹುದು. ನೋಡಲು ಹೋಗುವಾಗ ಆ ಮಾದರಿ ಗೊತ್ತಿರುವ ತಪಾಸಕರೊಬ್ಬರನ್ನು ಕರೆದುಕೊಂಡು ಹೋಗಿ, ಅವರ ಪೆಟ್ರೋಲು, ಊಟದ ಖರ್ಚು ನಿಮ್ಮದು. ನಿಮ್ಮ ಪ್ಯಾರಾಚೂಟ್ ತೊಟ್ಟು ಕಾಕ್‌ಪಿಟ್‌ನಲ್ಲಿ ಅರ್ಧ ಗಂಟೆ ಕೂತು ನೋಡಿ. ಐದು ನಿಮಿಷಕ್ಕೆ ನೋವು ಗೊತ್ತಾಗುವುದಿಲ್ಲ. ಮುಚ್ಚಳ ಮುಚ್ಚಿ, ಏರ್‌ಬ್ರೇಕ್ ಪೂರ್ತಿ ಎಳೆಯಿರಿ, ಹಳದಿ ಹಿಡಿ ಎಳೆದು, ಮೇಲಕ್ಕೆಳೆಯುವ ಹಗ್ಗ ಬಿಡುವುದು ಸಲೀಸಾಗಿದೆಯಾ ನೋಡಿ. ಕೊನೆಗೆ, ಜೋಡಿಸಿಟ್ಟಿದ್ದರೆ ಬಿಚ್ಚಲು ಹೇಳಿ, ಬಿಚ್ಚಿಟ್ಟಿದ್ದರೆ ಜೋಡಿಸಲು ಹೇಳಿ, ನೀವೇ ರೆಕ್ಕೆಯ ತುದಿ ಹಿಡಿಯಿರಿ. ಗಡಿಯಾರ ನೋಡಿಕೊಳ್ಳಿ.